ಭಯದ ವಿಳಾಸ

ಬಾಡಿಗೆಗೆ ಮನೆ ಹುಡುಕುವವರು ನಮ್ಮಲ್ಲಿ ಮೊದಲು ಕೇಳುವುದು ನೀರಿನ ವಿಚಾರ. ಎರಡನೆಯ ಪ್ರಶ್ನೆ, “ಓಣಿ ಹೆಂಗದರೀ? ಅಂಜಿಕಿ ಏನೂ ಇಲ್ಲಲ್ಲ?” ಎಂಬುದು. ಮನೆಯ ಯಜಮಾನರು, ಅವರು ಎಂಥವರೇ ಇರಲಿ, “ಏನೂ ಇಲ್ರೀ, ಎಲ್ಲಾ ಮರ್ಯಾದಸ್ಥ ಮಂದಿ” ಎಂದು ಹೇಳುತ್ತಾರೆ. ಕೇಳಿದವರಿಗೆ ಅಷ್ಟು ಸಾಕು. ಈ ಠಾಣೆಯ ಸರಹದ್ದಿನಲ್ಲಿ ಕಳೆದ ವರ್ಷ ಎಷ್ಟು ಕೊಲೆಗಳಾದವು, ಎಷ್ಟು ಮನೆಗಳಿಗೆ ಕನ್ನ ಬಿತ್ತು ಎಂದು ಲೆಕ್ಕ ಕೇಳಿದ ಬಾಡಿಗೆದಾರನನ್ನು ನಾನು ಈ ತನಕ ಕಂಡಿಲ್ಲ. ಧಾರವಾಡದ ಹಳೆಯ ಓಣಿಯೊಂದರಲ್ಲಿ ನನ್ನ ಬಾಳಿನ ಬಹುಭಾಗ ಕಳೆದಿದೆ, ನಾನೂ ಕೇಳಿದವನಲ್ಲ. ಬೀದಿಯ ದೀಪ ಉರಿಯುತ್ತಿದೆಯೇ, ಕಡೆಯ ಬಸ್ಸಿನಿಂದ ಇಳಿದ ಹೆಣ್ಣುಮಗಳು ಓಡದೆ ನಡೆದು ಬರುತ್ತಾಳೆಯೇ, ಕಟ್ಟೆಯ ಮೇಲೆ ಕುಳಿತವರ ಮುಖಗಳು ಗುರುತಿನವೇ—ಇಷ್ಟನ್ನು ನೋಡಿ ನಾವು ಒಂದು ಊರನ್ನು ನಿರ್ಭಯದ ಊರೆಂದೋ ಅಂಜಿಕೆಯ ಊರೆಂದೋ ತೀರ್ಮಾನಿಸಿಬಿಡುತ್ತೇವೆ. ಅಂಕಿಯ ದಾರಿ ಬೇರೆ, ಅಂಜಿಕೆಯ ದಾರಿ ಬೇರೆ. ಅವೆರಡರ ನಡುವಣ ಅಂತರವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಿಂಸೆಯ ದಾಖಲೆ ಇಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಹಳೆಯದು. ಊರ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಹಿಂದೆ ನಿಂತಿರುವ ವೀರಗಲ್ಲುಗಳು ಒಂದು ಬಗೆಯಲ್ಲಿ ಆ ಕಾಲದ ಅಪರಾಧದ ಕಡತಗಳೇ ಆಗಿವೆ. ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನಿಗೆ ಒಂದು ಕಲ್ಲು. ಆ ಸಂದರ್ಭಕ್ಕೆ ತುಱುಗೋಳ್ ಎಂದು ಹೆಸರು. ಹೆಂಗಸರ ಮಾನ ಕಾಯಲು ಹೋಗಿ ಮಡಿದವನಿಗೆ ಒಂದು, ಅದು ಪೆಣ್ಬುಯ್ಯಲ್. ಊರೇ ಸೂರೆಯಾದಾಗ ಕಾದಿ ಬಿದ್ದವನಿಗೆ ಇನ್ನೊಂದು, ಅದು ಊರಳಿವು. ಹತ್ತನೆಯ ಶತಮಾನದ ನಡುವೆ ಆತಕೂರಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ಈ ಕಲ್ಲುಗಳನ್ನು ನೋಡುತ್ತ ಹೋದರೆ ಒಂದು ಸಂಗತಿ ಮನಸ್ಸಿಗೆ ಹತ್ತುತ್ತದೆ. ಇಲ್ಲಿಯ ಕೇಡೆಲ್ಲ ಹೊರಗಿನಿಂದ ಬಂದದ್ದು: ಪಕ್ಕದ ನಾಡಿನಿಂದ, ಕಾಡಿನಿಂದ, ಶತ್ರುವಿನ ದಂಡಿನಿಂದ. ಅಗಸೆಯ ಒಳಗಡೆ ನಡೆದಿರಬಹುದಾದದ್ದಕ್ಕೆ ಕಲ್ಲಿಲ್ಲ. ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲು ಉಂಟು. ಗಂಡನ ಕೈಯಲ್ಲಿ ಸತ್ತವಳ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲ.

ಈಗ ಕಲ್ಲಿನ ಬದಲು ಕಾಗದ ಬಂದಿದೆ. ದೇಶದ ಅಪರಾಧಗಳ ವಾರ್ಷಿಕ ವರದಿ 1953ನೆಯ ಇಸವಿಯಿಂದ ಮೊದಲಾಯಿತು. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹುಟ್ಟಿದ ಮೇಲೆ ಆ ಕೆಲಸ ಅದರ ಪಾಲಿಗೆ ಬಂದಿತು. ಈ ವರದಿಗಳನ್ನು ಓದುವುದು ಸುಖದ ಕೆಲಸವಲ್ಲ. ಆದರೂ ಓದಿದರೆ, ನಾವು ನಂಬಿಕೊಂಡು ಬಂದ ಅನೇಕ ಮಾತುಗಳು ಅಲುಗಾಡುತ್ತವೆ. 1992ರಲ್ಲಿ ದೇಶದಲ್ಲಿ 40,000ಕ್ಕೂ ಮಿಕ್ಕಿ ಕೊಲೆಗಳು ದಾಖಲಾಗಿದ್ದವು. ಲಕ್ಷ ಜನಕ್ಕೆ ನಾಲ್ಕನ್ನು ಮೀರಿದ ಪ್ರಮಾಣ ಅದು. 2022ರಲ್ಲಿ ದಾಖಲಾದ ಕೊಲೆಗಳು 28,522. ಲಕ್ಷಕ್ಕೆ ಎರಡರ ಆಸುಪಾಸು. ಮೂವತ್ತು ವರ್ಷಗಳಲ್ಲಿ ಜನಸಂಖ್ಯೆ ಏರಿತು, ಕೊಲೆ ಇಳಿಯಿತು. ಆದರೆ ನಮ್ಮ ಅಂಜಿಕೆಯೂ ಅರ್ಧಕ್ಕೆ ಇಳಿಯಿತೆಂದು ಎದೆ ಮುಟ್ಟಿ ಹೇಳುವವರು ಯಾರಾದರೂ ಇದ್ದಾರೆಯೇ? “ಮೊದಲಿನ ಕಾಲ ಹೀಗಿರಲಿಲ್ಲ” ಎಂಬ ಮಾತನ್ನು ನಮ್ಮ ತಂದೆಯವರೂ ಆಡುತ್ತಿದ್ದರು, ನಾವೂ ಆಡುತ್ತಿದ್ದೇವೆ.

ಇನ್ನೂ ಒಂದು ಮಾತಿದೆ. ನಾವು ಬಾಗಿಲಿಗೆ ಎರಡೆರಡು ಚಿಲಕ ಹಾಕುವುದು, ಕಿಟಕಿಗೆ ಕಂಬಿ ಬಡಿಸುವುದು ಯಾರಿಗಾಗಿ? ಒಡವೆಗಾಗಿ ಕೊಲ್ಲುವ ಗುರುತಿಲ್ಲದ ಮನುಷ್ಯನಿಗಾಗಿ. ಅದೇ 2022ರ ವರದಿಯಲ್ಲಿ, ಲಾಭದಾಸೆಯಿಂದ ನಡೆದ ಕೊಲೆಗಳೆಂದು ಬರೆದಿರುವುದು 1,884. ಜಗಳತಂಟೆಗಳಿಂದಾದವು 9,962, ಹಗೆತನದಿಂದಾದವು 3,761. ಜಗಳವಾಗಲಿ ಹಗೆಯಾಗಲಿ ಗುರುತಿಲ್ಲದವರೊಡನೆ ಬೆಳೆಯುವುದು ಅಪರೂಪ. ಹೊಲದ ಬದುವಿಗೆ, ನೀರಿನ ಸರದಿಗೆ, ಅಣ್ಣತಮ್ಮಂದಿರ ಪಾಲಿಗೆ, ಕೊಟ್ಟ ಸಾಲಕ್ಕೆ, ಹೆಣ್ಣಿಗೆ—ಒಂದೇ ಕೆರೆಯ ನೀರು ಕುಡಿದವರ ನಡುವೆಯೇ ಅದು ಬೆಳೆಯುತ್ತದೆ. ಅಲ್ಲದೆ ವರದಕ್ಷಿಣೆಯ ಸಾವುಗಳನ್ನು ವರದಿ ಬೇರೆಯಾಗಿ ಎಣಿಸುತ್ತದೆ. ಆ ವರ್ಷ ಅವು 6,450. ಕಳ್ಳನಿಗಾಗಿ ನಾವು ಹಾಕುವ ಚಿಲಕದ ಈಚೆಗೆ, ಮನೆಯ ಒಳಗೆ ಆದ ಸಾವುಗಳು ಇವು. ರಸ್ತೆಯ ಅಪಘಾತಗಳಲ್ಲಿ ಅದೇ ವರ್ಷ 1,68,491 ಜನ ಸತ್ತರು. ಮೋಟಾರು ಸೈಕಲ್ಲನ್ನು ನೋಡಿ ಯಾರೂ ಊರು ಬಿಟ್ಟು ಹೋದದ್ದು ಕಾಣೆ.

ಹಾಗೆಂದು ಅಂಕಿಗಳಿಗೆ ಕೈಮುಗಿದು ಕುಳಿತುಕೊಳ್ಳುವಂತೆಯೂ ಇಲ್ಲ. ಕೇರಳದ ಉದಾಹರಣೆ ನೋಡಿ. 2016ರಲ್ಲಿ ದಂಡಸಂಹಿತೆಯ ಪ್ರಕಾರ ದಾಖಲಾದ ಅಪರಾಧಗಳು ಅಲ್ಲಿ ಲಕ್ಷಕ್ಕೆ 700ನ್ನು ಮೀರಿದ್ದವು. ದೇಶದ ಸರಾಸರಿ 230ರ ಸುಮಾರು. ಇದನ್ನು ಮಾತ್ರ ಓದಿದವರು ಕೇರಳಕ್ಕೆ ಕಾಲಿಡಲು ಹೆದರಬೇಕು. ಆದರೆ ಬಚ್ಚಿಡಲು ಕಷ್ಟವಾದ ಅಪರಾಧವೊಂದಿದೆ, ಅದು ಕೊಲೆ. ಅದರ ಪ್ರಮಾಣ ಅಲ್ಲಿ 2022ರಲ್ಲಿ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ, ದೇಶದ ಸರಾಸರಿಯ ಅರ್ಧವೂ ಇಲ್ಲ. ಇದರ ಅರ್ಥ ಸುಲಭವಾಗಿದೆ. ಅಕ್ಷರ ಬಲ್ಲ ಜನ ಠಾಣೆಯ ಮೆಟ್ಟಿಲು ಹತ್ತುತ್ತಾರೆ, ಅಲ್ಲಿ ಕುಳಿತವರು ದೂರನ್ನು ಬರೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತಲು ಧೈರ್ಯವಿಲ್ಲದ ಕಡೆ, ಹತ್ತಿದವರನ್ನು “ಹೋಗು, ನಾಳೆ ಬಾ” ಎನ್ನುವ ಕಡೆ, ಕಾಗದ ಬೆಳ್ಳಗೇ ಉಳಿಯುತ್ತದೆ; ಆ ಬಿಳುಪನ್ನು ನಾವು ಶಾಂತಿ ಎಂದು ಓದುತ್ತೇವೆ.

ಬರೆಯದೆ ಉಳಿದದ್ದು ಎಷ್ಟೆಂಬುದಕ್ಕೆ ಬೇರೊಂದು ಕಡೆಯಿಂದ ಸುಳಿವು ಸಿಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತಾರೆ. 2019–21ರ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರ ಪೈಕಿ ಗಂಡನ ಹಿಂಸೆಯನ್ನು ಕಂಡೆವೆಂದವರು ದೇಶದಲ್ಲಿ ನೂರಕ್ಕೆ 29 ಮಂದಿ. ನಮ್ಮ ಕರ್ನಾಟಕದಲ್ಲಿ 44. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 21 ಇದ್ದಿತು. ಐದಾರು ವರ್ಷಗಳಲ್ಲಿ ನಮ್ಮ ಗಂಡಸರು ಇಮ್ಮಡಿ ಕೆಟ್ಟರೋ, ಹೆಂಗಸರು ಇಮ್ಮಡಿ ಧೈರ್ಯದಿಂದ ಬಾಯಿಬಿಟ್ಟರೋ, ಬರಿಯ ಅಂಕಿಯನ್ನು ನೋಡಿ ಹೇಳಲಾಗದು. ಹಿಂಸೆ ಉಂಡವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಂದಿ; ಅವರಲ್ಲಿ ಬಹುಮಂದಿ ತವರಿನವರ ಮುಂದೆ ಅತ್ತರು, ಠಾಣೆಗೆ ಹೋದವರು ತೀರ ಕೆಲವರು. ಸುಭದ್ರವೆಂದು ನಾವು ಬಾಡಿಗೆಗೆ ಹಿಡಿಯುವ ಮರ್ಯಾದಸ್ಥರ ಓಣಿ ಇದೇ.

ಅಂಜಿಕೆಗೆ ತಪ್ಪು ವಿಳಾಸ ಸಿಕ್ಕಿದರೆ ಏನಾಗುತ್ತದೆಂಬುದನ್ನು ಚರಿತ್ರೆ ಅನೇಕ ಸಲ ತೋರಿಸಿದೆ. ಬ್ರಿಟಿಷರು 1871ರಲ್ಲಿ ಒಂದು ಕಾಯಿದೆ ಮಾಡಿ, ಕೆಲವು ಅಲೆಮಾರಿ ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದರು. 1911ರಲ್ಲಿ ಅದು ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿತು. ನಮ್ಮ ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ವಿಜಾಪುರದಲ್ಲಿಯೂ ಅಂಥವರನ್ನು ಕೂಡಿಹಾಕಿ ಹಾಜರಿ ಕರೆಯುತ್ತಿದ್ದ ವಸತಿಗಳಿದ್ದವು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಹುಬ್ಬಳ್ಳಿಯ ಆ ಭಾಗಕ್ಕೆ ಮಾತ್ರ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. ಕಾಗದದಲ್ಲಿ ಸತ್ತ ಕಾಯಿದೆ ನಮ್ಮ ಕಣ್ಣಿನಲ್ಲಿ ಎಷ್ಟರಮಟ್ಟಿಗೆ ಸತ್ತಿದೆಯೋ ತಿಳಿಯದು. ಹೆಗಲಿಗೆ ಗಂಟು ಹಾಕಿಕೊಂಡು ಮನೆಯ ಮುಂದೆ ನಿಂತವನನ್ನು ನಾವು ನೋಡುವ ನೋಟವನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

2018ರ ಬೇಸಗೆಯನ್ನು ನೆನೆಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ಕಾಲ ಅದು. ಮೋಟಾರು ಸೈಕಲ್ಲಿನ ಮೇಲೆ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ಚಿತ್ರವೊಂದನ್ನು ಎಲ್ಲರೂ ನೋಡಿದರು, ಎಲ್ಲರೂ ನಡುಗಿದರು. ಆ ಚಿತ್ರ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಹೇಳಲೆಂದೇ ಮಾಡಿಸಿದ್ದು. ಎತ್ತಿಕೊಂಡು ಹೋದವರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುವುದು ಅದರ ಕೊನೆ. ಯಾರೋ ಆ ಕೊನೆಯನ್ನು ಕತ್ತರಿಸಿ ಉಳಿದುದನ್ನು ಹರಿಯಬಿಟ್ಟರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆಂದು ಬಂದಿದ್ದ ಇಪ್ಪತ್ತಾರು ವರ್ಷದ ಹುಡುಗನನ್ನು ಹಗ್ಗದಿಂದ ಕಟ್ಟಿ, ಬೀದಿಯಲ್ಲಿ ಎಳೆದಾಡಿ ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ಕೆಲವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅಷ್ಟೇ ಅವರ ತಪ್ಪು. ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿಯನ್ನು ಮುಟ್ಟಿತು. ದಾರಿಗೆ ಅಡ್ಡಕಟ್ಟಿ, ಉರುಳಿದ ಕಾರಿನಿಂದ ಎಳೆದು ಹೊಡೆದರು. ಒಬ್ಬ ತರುಣ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟುಗಳಾದವು. ಹೊಡೆದವರು ಕೊಲೆಗಡುಕರೆಂದು ಹೆಸರಾದವರಲ್ಲ. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದ ತಂದೆಯರು, ಅಣ್ಣಂದಿರು. ಅವರ ಪೂರ್ವಜರು ತುಱುಗೋಳಿನಲ್ಲಿ ಮಡಿದು ಕಲ್ಲಾಗಿ ನಿಂತವರಿರಬಹುದು.

ಬೀದರವನ್ನು ದೂರದಿಂದ ಆಡಿಕೊಳ್ಳುವುದು ಸುಲಭ. ಆದ್ದರಿಂದ ನನ್ನ ಓಣಿಯದೂ ಒಂದನ್ನು ಹೇಳಿಬಿಡುತ್ತೇನೆ. ಅದೇ ಬೇಸಗೆಯ ಒಂದು ಮಧ್ಯಾಹ್ನ ಚಾಕು, ಕತ್ತರಿ, ಈಳಿಗೆಗಳಿಗೆ ಸಾಣೆ ಹಿಡಿಯುವವನೊಬ್ಬ ಸೈಕಲ್ಲು ತಳ್ಳಿಕೊಂಡು ಬಂದ. ಚಕ್ರ ತಿರುಗಿ ಕಿಡಿ ಹಾರಿದೊಡನೆ ನಾಲ್ಕೈದು ಮಕ್ಕಳು ಸುತ್ತ ನೆರೆದವು. ಕಿಡಿ ಹಾರುವುದನ್ನು ನೋಡದ ಮಗು ಎಲ್ಲಿದೆ? ಯಾರೋ ಮಾಳಿಗೆಯಿಂದ ಕೂಗಿದರು. ಗಂಡಸರೆಲ್ಲ ಹೊರಗೆ ಬಂದೆವು. ವಯಸ್ಸಿನಲ್ಲಿ ಹಿರಿಯನೆಂದು ಮೊದಲು ಬಾಯಿ ತೆರೆದವನು ನಾನೇ.

“ಯಾವೂರಪಾ ನಿಂದು?”

“ಗಜೇಂದ್ರಗಡ ರೀ, ಸಾಹೇಬ್ರ.”

“ಕಾರ್ಡ ತೋರಸು.”

ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುರುತಿನ ಚೀಟಿ ತೆಗೆದು ಕೊಟ್ಟ. ಆ ಚೀಟಿ ಐದಾರು ಕೈ ದಾಟಿತು. ಒಬ್ಬ ಅದರ ಫೋಟೋ ಹಿಡಿದುಕೊಂಡ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಅಂವ ವರ್ಷಾ ಬರ್ತಾನ್ರೀ. ನೀವು ನೋಡಿಲ್ಲ ಅಷ್ಟ” ಎಂದಳು. ಆದರೂ ಚೀಟಿ ಕೂಡಲೇ ಅವನ ಕೈಗೆ ಮರಳಲಿಲ್ಲ. ಅದು ಸಿಕ್ಕಿದ ಮೇಲೆ ಅವನು ಏನೂ ಅನ್ನದೆ ಸೈಕಲ್ಲಿನ ಪಟ್ಟಿ ಬಿಚ್ಚಿ ಸುತ್ತಿಕೊಂಡ; ಸಾಣೆ ಹಿಡಿದ ಎರಡು ಕತ್ತರಿಗಳ ದುಡ್ಡನ್ನೂ ಕೇಳದೆ ಹೊರಟುಹೋದ. ಮುಂದಿನ ಬೇಸಗೆಯಲ್ಲಿ ಅವನು ನಮ್ಮ ಓಣಿಗೆ ಬರಲಿಲ್ಲ.

ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಕೆಲವು ರಾತ್ರಿ ಸದ್ದಾಗುತ್ತಿತ್ತು. ಪಾತ್ರೆ ಬಿದ್ದ ಸದ್ದು, ಅನಂತರ ಅದುಮಿಟ್ಟ ಅಳು. ಓಣಿಗೆಲ್ಲ ಕೇಳುತ್ತಿತ್ತು, ನನಗೂ ಕೇಳುತ್ತಿತ್ತು. ಅವರ ಮನೆಯ ವಿಷಯವೆಂದು ರೇಡಿಯೋ ಸ್ವಲ್ಪ ಏರಿಸುತ್ತಿದ್ದೆವು. ಆ ಮನೆಯ ಯಜಮಾನನನ್ನು ಕರೆದು ಒಂದು ಮಾತು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವನೂ ಅಂದು ನಮ್ಮ ಜೊತೆಗೇ ನಿಂತು ಆ ಚೀಟಿಯನ್ನು ಹಿಂದುಮುಂದು ತಿರುಗಿಸಿ ನೋಡಿದ.

ಅವನ ಹೆಂಡತಿ ಹಿಂದೆ ನಿಂತಿದ್ದಳು. ಸಾಣೆಗೆ ಕೊಡಲೆಂದು ಈಳಿಗೆ ತಂದಿದ್ದಳು. ಸೈಕಲ್ಲು ತಿರುವು ದಾಟುವ ತನಕ ನೋಡಿದಳು. ಆಮೇಲೆ ಈಳಿಗೆಯನ್ನು ಹಾಗೆಯೇ ಹಿಡಿದುಕೊಂಡು ಗಂಡನ ಹಿಂದೆ ಒಳಗೆ ಹೋದಳು. ಬಾಗಿಲಿಗೆ ಅಗಳಿ ಹಾಕಿದ ಸದ್ದು ಕೇಳಿಸಿತು.