ಗುಹೆಯ ನದಿಗೆ ತೊಡುವ ಉಡುಪು

ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಕೇವ್ಸ್ ಬ್ರಾಂಚ್ ನದಿಯು ಸುಣ್ಣಕಲ್ಲಿನ ಗುಹೆಗಳೊಳಗೆ ಹರಿಯುತ್ತದೆ. ಪ್ರವಾಸಿಗರು ಗಾಳಿ ತುಂಬಿದ ರಬ್ಬರ್ ಟ್ಯೂಬಿನಲ್ಲಿ ಕುಳಿತು ಅಲ್ಲಿ ತೇಲಿಹೋಗುತ್ತಾರೆ. ಪ್ರಾಚೀನ ಮಾಯಾ ಜನರಿಗೆ ಗುಹೆಗಳು ಪಾತಾಳದ ದ್ವಾರಗಳಾಗಿದ್ದವು. ಒಳಹೋಗುವವರ ಉಡುಪು ದೇಹದೊಡನೆ ಗುಹೆಯನ್ನೂ ಕಾಯಬೇಕು.

ನೀರು ಹೀರಿ ಭಾರವಾಗುವ ಜೀನ್ಸ್ ಸಲ್ಲದು. ಬೇಗ ಒಣಗುವ ಬಟ್ಟೆಯಿರಲಿ. ಸಡಿಲ ಚಪ್ಪಲಿ ನೀರುಪಾಲಾಗುತ್ತದೆ; ಬಿಗಿಯಾಗಿ ಕಟ್ಟಿದ ಬೂಟು ಪಾದವನ್ನು ಕಲ್ಲಿನಿಂದ ಉಳಿಸುತ್ತದೆ. ಹೆಲ್ಮೆಟ್, ತಲೆಗೆ ಕಟ್ಟುವ ದೀಪ, ಲೈಫ್ ಜಾಕೆಟ್ ಇರಲೇಬೇಕು. ಬಿಸಿಲಿಗೆ ಬಳಿದ ಕ್ರೀಮು ನದಿಯನ್ನು ಸೇರುತ್ತದೆ. ಅದರ ಬದಲು ತುಂಬುತೋಳಿನ ಅಂಗಿ ಸಾಕು.

ಇನ್ನೊಂದು ಗುಹೆಗೆ ಹೋಗುವ ಮುನ್ನ ಇವೆಲ್ಲವನ್ನೂ ಶುಚಿಗೊಳಿಸಬೇಕು. ಉತ್ತರ ಅಮೆರಿಕದ ಶೀತಲ ಗುಹೆಗಳಲ್ಲಿ 2006ರಿಂದೀಚೆಗೆ ಬಿಳಿಮೂತಿ ರೋಗವು ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಅದಕ್ಕೆ ಕಾರಣವಾದ ಶಿಲೀಂಧ್ರದ ಕಣಗಳು ಮನುಷ್ಯರ ಬಟ್ಟೆಬೂಟುಗಳಿಗೆ ಅಂಟಿಯೂ ಸಾಗಬಲ್ಲವು.