ತಲೆಭಾರದ ಹಿಂದೆ: ಹಾಸನ ಸೀಮೆಯಲ್ಲಿ ಖಿನ್ನತೆ ಮತ್ತು ಕಳಂಕ



ಮೇಷ್ಟ್ರೊಬ್ಬರ ಹೆಸರಿನ ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನಗೆ ಸಂದ ಗೌರವ. ಸಾಹಿತ್ಯದ ವೇದಿಕೆಯಲ್ಲಿ ಮನೋವೈದ್ಯನಿಗೇನು ಕೆಲಸ ಎನ್ನುವವರಿಗೆ ಒಂದು ನೆನಪು ಸಾಕು: ವೈದ್ಯರಾಗಿದ್ದ ರಾಶಿಯವರು ಮನೋರೋಗಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಖಿನ್ನತೆ ಎಂದರೇನು, ಲಕ್ಷಣಗಳೇನು, ಮಾತ್ರೆ ಎಷ್ಟು ದಿನ ನುಂಗಬೇಕು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಯಾವ ಗ್ರಂಥಾಲಯದಲ್ಲಾದರೂ ಸಿಗುತ್ತವೆ. ವಾಸಿಯಾಗುವ ಕಾಯಿಲೆ ಎಂಬುದರಲ್ಲಿ ತಕರಾರಿಲ್ಲ. ಆದರೂ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಖಿನ್ನತೆಯಿದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಯಾಕೆ ಎಂಬಲ್ಲಿ ನನ್ನ ಜಗಳ ಶುರುವಾಗುತ್ತದೆ.

ಸಿದ್ಧ ಉತ್ತರವೊಂದಿದೆ: ‘ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಬಾಯಿ ಬಿಡುವುದಿಲ್ಲ.’ ಇದಕ್ಕೆ ವಿದ್ವತ್ತಿನ ವೇಷ ತೊಡಿಸಿದವರೂ ಇದ್ದಾರೆ. ಪಾಶ್ಚಾತ್ಯರಲ್ಲದವರು ಭಾವನೆಗಳನ್ನು ಬಿಡಿಸಿ ನೋಡುವುದು ಕಡಿಮೆ, ಆದ್ದರಿಂದ ದುಃಖವನ್ನು ಮೈನೋವಾಗಿ ಹೇಳುತ್ತಾರೆ ಎಂಬ ವಾದಕ್ಕೆ 1973ರಲ್ಲಿ ಜೂಲಿಯನ್ ಲೆಫ್ ಬರೆದ ಪ್ರಬಂಧ ಬಲ ಕೊಟ್ಟಿತು. ಲೆಫ್ ದೊಡ್ಡ ಸಂಶೋಧಕರು, ಒಪ್ಪುತ್ತೇನೆ. ಆದರೆ ಸೋಬಾನೆ ಹಾಡಿಕೊಂಡು, ಸತ್ತವರನ್ನು ಹೆಸರು ಹಿಡಿದು ಅತ್ತು ಬೆಳೆದ ನಮ್ಮ ಹೆಂಗಸರಿಗೆ ಭಾವನೆಯ ಬಡತನ ಎನ್ನುವುದನ್ನು ಹಾಸನದಲ್ಲಿ ನಿಂತು ಒಪ್ಪಲಾರೆ.

ಅರಕಲಗೂಡು ಕಡೆಯ ಹೊಗೆಸೊಪ್ಪಿನ ಬೆಳೆಗಾರರ ಮನೆಯ ಹೆಂಗಸೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ‘ತಲೆ ಭಾರ ಸಾ. ಕೈಕಾಲು ಜೋಮು. ಎದೆ ಉರಿ. ಊಟ ಸೇರಲ್ಲ.’ ಕೈಯಲ್ಲಿ ದಪ್ಪ ಪ್ಲಾಸ್ಟಿಕ್ ಕವರು, ಅದರೊಳಗೆ ಸ್ಕ್ಯಾನಿಂಗು, ಇಸಿಜಿ, ರಕ್ತಪರೀಕ್ಷೆ, ಎಲ್ಲ ನಾರ್ಮಲ್. ಬಾಟ್ಲಿ ಹಾಕಿಸಿಕೊಂಡದ್ದೂ ಆಗಿತ್ತು. ನಿದ್ದೆಯ ಬಗ್ಗೆ ಕೇಳಿದರೆ, ಸೊಪ್ಪು ಹದಮಾಡುವ ಬ್ಯಾರನ್ನಿನ ಮಾತು: ‘ಬ್ಯಾರನ್ನಿಗೆ ಬೆಂಕಿ ಹಾಕ್ತಾ ಕೂತ್ರೆ ನಿದ್ದೆ ಎಲ್ಲಿಂದ ಬರ್ಬೇಕು?’ ಪಕ್ಕದಲ್ಲಿ ಗಂಡ: ‘ಮನ್ಸಿಂದೇನಿಲ್ಲ ಸಾರ್, ಬರೀ ವೀಕ್ನೆಸ್ಸು.’ ಗಂಡನನ್ನು ಔಷಧಿ ತರಲು ಕಳಿಸಿ ಕೇಳಿದೆ: ಬ್ಯಾರನ್ ಆರಿದ ಮೇಲಾದರೂ ನಿದ್ದೆ ಬಂತೇನಮ್ಮಾ? ಆಕೆ ಬಾಗಿಲ ಕಡೆ ನೋಡಿ, ಎಲ್ಲವನ್ನೂ ಹೇಳಿದರು, ಬೇಡವೆಂದರೂ ನಿಲ್ಲಿಸದೆ. ಕೊನೆಗೆ ಒಂದೇ ಕೋರಿಕೆ: ‘ಚೀಟೀಲಿ ತಲೆನೋವು ಅಂತ್ಲೇ ಬರೀರಿ. ಮಗಳಿಗೆ ಗಂಡು ನೋಡ್ತಿದೀವಿ.’

ಇದರಲ್ಲಿ ಅಜ್ಞಾನ ಎಲ್ಲಿದೆ? ಆಕೆ ಲೆಕ್ಕ ಹಾಕಿದ್ದರು, ಲೆಕ್ಕ ಸರಿಯಾಗಿಯೂ ಇತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್, ಮಿಚೆಲ್ ವೈಸ್, ಚನ್ನಬಸವಣ್ಣ ಮತ್ತು ಸಂಗಡಿಗರು 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಮನಸ್ಸಿನ ಲಕ್ಷಣಗಳು ಹೆಚ್ಚಿದಷ್ಟೂ ರೋಗಿ ಅನುಭವಿಸುವ ಕಳಂಕ ಹೆಚ್ಚು; ಮೈನೋವಿನ ಲಕ್ಷಣಗಳು ಹೆಚ್ಚಿದ್ದಲ್ಲಿ ಕಳಂಕ ಕಡಿಮೆ. ತಲೆನೋವು ಯಾರಿಗಿಲ್ಲ? ಅದರಿಂದ ಸಂಬಂಧ ಮುರಿಯುವುದಿಲ್ಲ. ಮನೋರೋಗದ ಆಸ್ಪತ್ರೆಯ ಬಾಗಿಲಿಗೆ ಆಗಲೇ ಬಂದವರ ಮೇಲೆ ನಡೆದ ಸಣ್ಣ ಅಧ್ಯಯನವಿದು ಎಂಬ ಆಕ್ಷೇಪ ನ್ಯಾಯವೇ.

ಹಾಗಾದರೆ ದೊಡ್ಡದನ್ನೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 14 ದೇಶಗಳ ಅಧ್ಯಯನದಲ್ಲಿ ಬೆಂಗಳೂರೂ ಒಂದು ಕೇಂದ್ರ. ಅದರ ಖಿನ್ನತೆಯ ಭಾಗವನ್ನು ಗ್ರೆಗರಿ ಸೈಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಖಿನ್ನತೆಯಿದ್ದ 1,146 ಮಂದಿಯಲ್ಲಿ ನೂರಕ್ಕೆ 69 ಜನ ಮೊದಲು ಹೇಳಿದ್ದು ಮೈಯ ತೊಂದರೆಯನ್ನು ಮಾತ್ರ. ಎದುರಿಗೆ ಕೂತು ನೇರವಾಗಿ ಕೇಳಿದಾಗ ಮನಸ್ಸಿನದ್ದೇನೂ ಇಲ್ಲವೆಂದವರು ನೂರಕ್ಕೆ 11 ಮಾತ್ರ! ನಾನು ಪದೇಪದೇ ಎತ್ತಿ ಹೇಳುವುದು ಇನ್ನೊಂದು ಅಂಶವನ್ನು: ತಮ್ಮದೇ ಎನ್ನುವ ಖಾಯಂ ಡಾಕ್ಟರಿಲ್ಲದ ಕೇಂದ್ರಗಳಲ್ಲೇ ಬರೀ ಮೈನೋವು ಹೇಳುವವರು ಹೆಚ್ಚಿದ್ದರು.

ಹಿಂದೆ ಪೇಟೆಯಲ್ಲಿ ಒಬ್ಬರೇ ಡಾಕ್ಟರು ಕೂತು ಮನೆಮಂದಿಯನ್ನೆಲ್ಲ ಬಲ್ಲವರಾಗಿದ್ದರು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಂಟ್ರ್ಯಾಕ್ಟಿನ ಹೊಸ ಮುಖ, ಒಬ್ಬ ರೋಗಿಗೆ ಎರಡು ನಿಮಿಷ. ‘ಮಾತಾಡಿ, ಮುಚ್ಚಿಡಬೇಡಿ’ ಎಂದು ಗೋಡೆಗೆ ಪೋಸ್ಟರ್ ಅಂಟಿಸುತ್ತೇವೆ. ಯಾರ ಹತ್ತಿರ ಮಾತಾಡಬೇಕು? ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡದ್ದು ನಿಜವಾದ ಧೈರ್ಯ. ಆಮೇಲೆ ಕಾಲೇಜು ಹುಡುಗಿಯರು ತಾವಾಗಿ ಬರತೊಡಗಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಅದೇ ಧೈರ್ಯವನ್ನು ಬ್ಯಾರನ್ ಸಾಲ ಇರುವ ಮನೆಯ ಸೊಸೆಯಿಂದ ಬೇಡುವುದು ಅನ್ಯಾಯ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2014ರಿಂದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ. ಅಲ್ಲಿ ಕದ್ದು ಮಾತಾಡಲೂ ಆಗುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ನನ್ನ ತಕರಾರು ಮಂಗಳವಾರದ ಬೋರ್ಡಿನದು. ಒಂದು ಆಸ್ಪತ್ರೆಯಲ್ಲಿ ‘ಮಾನಸಿಕ ರೋಗ ವಿಭಾಗ’ ಎಂಬ ಬೋರ್ಡು ಚೀಟಿ ಕೌಂಟರಿನ ಎದುರಿಗೇ ಇತ್ತು. ಬೆಂಚಿನಲ್ಲಿ ಕೂತವರನ್ನು ಊರೇ ನೋಡುತ್ತಿತ್ತು. ಬೋರ್ಡು ತೆಗೆಸಿ, ಜನರಲ್ ಓಪಿಡಿಯ ಪಕ್ಕದ ಕೋಣೆಗೆ ನಂಬರು ಕೊಟ್ಟು ಕೂರಿಸಿ ಎಂದೆ.

ಇದಕ್ಕೆ ನನ್ನ ಕಿರಿಯ ಮಿತ್ರರು ಕೆರಳಿದರು. ಬೋರ್ಡು ತೆಗೆದರೆ ಕಳಂಕಕ್ಕೆ ಶರಣಾದ ಹಾಗೆ, ಏಡ್ಸ್ ಚಳವಳಿ ಗೆದ್ದದ್ದು ಹೆಸರು ಹೇಳಿಯೇ ಎಂದರು. ವಾದ ಹಗುರಲ್ಲ. ಹೆಸರು ಹೇಳಲು ಒಪ್ಪಿದ ರೋಗಿ ವೇದಿಕೆ ಹತ್ತಿದರೆ ಮೊದಲು ಚಪ್ಪಾಳೆ ತಟ್ಟುವವನು ನಾನೇ. ಆದರೆ ಬಹಿರಂಗ ಮಾಡುವ ಹಕ್ಕು ರೋಗಿಯದು, ಆಸ್ಪತ್ರೆಯದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಬರೆದದ್ದನ್ನು ಈ ಮಿತ್ರರೇ ಭಾಷಣಗಳಲ್ಲಿ ಕೊಂಡಾಡುತ್ತಾರೆ. ಕಳಂಕದ ವಿರುದ್ಧ ಹೋರಾಟ ನಮ್ಮದು. ಅದರ ಖರ್ಚನ್ನು ಒಬ್ಬಳು ತಾಯಿ ತನ್ನ ಮಗಳ ಮದುವೆಯಿಂದ ಕೊಡಬೇಕೆ?

ಈ ಉಪನ್ಯಾಸಕ್ಕೆ ಹೆಸರಾದ ಮೇಷ್ಟ್ರು ಹುಡುಗರ ತಪ್ಪನ್ನು ತರಗತಿಯಲ್ಲಿ ಎತ್ತಿ ಆಡದೆ, ಸಂಜೆ ಮನೆಗೆ ಕರೆದು ಕಾಫಿ ಕೊಟ್ಟು ಕೇಳುತ್ತಿದ್ದರಂತೆ. ಅವರ ಶಿಷ್ಯರು ಇವತ್ತು ಬೆಳಿಗ್ಗೆ ಹೇಳಿದರು. ಸಭೆಯಲ್ಲಿರುವ ಚನ್ನರಾಯಪಟ್ಟಣ, ಹೊಳೆನರಸೀಪುರದ ವೈದ್ಯಮಿತ್ರರಲ್ಲಿ ನನ್ನ ಬೇಡಿಕೆಯೂ ಅಷ್ಟೇ. ವರದಿಗಳೆಲ್ಲ ನಾರ್ಮಲ್ ಬಂದ ತಲೆಭಾರದವರು ಮತ್ತೆ ಬಂದರೆ ಇನ್ನೊಂದು ಸ್ಕ್ಯಾನಿಂಗಿಗೆ ಬರೆಯುವ ಮುಂಚೆ ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಎರಡು ಪ್ರಶ್ನೆ ಕೇಳಿ: ಎರಡು ವಾರದಿಂದ ಮನಸ್ಸಿಗೆ ಬೇಜಾರಿದೆಯೇ, ಮೊದಲು ಇಷ್ಟವಾಗುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ? ಹೌದೆಂದರೆ, ಸಾಯುವ ಯೋಚನೆ ಬಂದಿದೆಯೇ ಎಂದೂ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಚೀಟಿಯಲ್ಲಿ ತಲೆನೋವೆಂದೇ ಬರೆದು ಮಂಗಳವಾರ ಕಳಿಸಿಕೊಡಿ.