ಸಮಾಂತರ ರೇಖೆಗಳು ಕೂಡುವ ಜಾಗ



ಸಮಾಂತರ ರೇಖೆಗಳನ್ನು ಎಷ್ಟು ದೂರ ಎಳೆದರೂ ಕೂಡುವುದಿಲ್ಲ ಎಂದು ಗಣಿತದ ಮೇಷ್ಟ್ರು ಹೇಳಿಕೊಟ್ಟರು. ರೈಲು ಹಳಿ ಬರೆಯುವಾಗ ಅವೆರಡೂ ದೂರದಲ್ಲಿ ಒಂದು ಚುಕ್ಕಿಗೆ ಸೇರಬೇಕು ಎಂದು ಡ್ರಾಯಿಂಗ್ ಮೇಷ್ಟ್ರು ತಿದ್ದಿದರು. ಇಬ್ಬರೂ ಹೇಳಿದ್ದು ಸರಿಯೇ.

ಸುಮಾರು 600 ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಅಲ್ಲಿನ ಕಟ್ಟಡವೊಂದನ್ನು ಹಲಗೆಯ ಮೇಲೆ ಚಿತ್ರಿಸಿ, ಹಲಗೆಗೆ ತೂತು ಕೊರೆದ. ಹಿಂಬದಿಯಿಂದ ತೂತಿಗೆ ಕಣ್ಣಿಟ್ಟು, ಎದುರು ಕನ್ನಡಿ ಹಿಡಿದರೆ ಚಿತ್ರ ಕಾಣುತ್ತದೆ. ಕನ್ನಡಿ ಸರಿಸಿದರೆ ನಿಜವಾದ ಕಟ್ಟಡ. ಎರಡೂ ಒಂದೇ ತೆರ! ಆ ಹಲಗೆ ಈಗ ಉಳಿದಿಲ್ಲ. 1435ರಲ್ಲಿ ಆಲ್ಬರ್ಟಿ ಈ ವಿದ್ಯೆಯ ನಿಯಮಗಳನ್ನು ಬರೆದಿಟ್ಟ. ಚಿತ್ರವನ್ನು ಕಿಟಕಿಯೆಂದು ತಿಳಿಯಿರಿ. ಕಣ್ಣಿಂದ ವಸ್ತುವಿಗೆ ದಾರ ಎಳೆದರೆ ಅದು ಕಿಟಕಿಯನ್ನು ದಾಟುವಲ್ಲಿ ಚುಕ್ಕಿ ಇಡಿ. ಇಷ್ಟೇ ಪರ್ಸ್ಪೆಕ್ಟಿವ್.

ಹೀಗೆ ಬರೆದಾಗ ಉದ್ದ, ಕೋನಗಳು ಬದಲಾಗುತ್ತವೆ. ಗಾಡಿಯ ಚಕ್ರ ದೀರ್ಘವೃತ್ತವಾಗುತ್ತದೆ. ಆದರೆ ಸರಳರೇಖೆ ಸರಳರೇಖೆಯಾಗಿಯೇ ಉಳಿಯುತ್ತದೆ. ಹಾಗಾದರೆ ಬದಲಾಗದೆ ಉಳಿಯುವುದು ಇನ್ನೇನೇನು? ಈ ಪ್ರಶ್ನೆಯಿಂದ ಹುಟ್ಟಿದ್ದು ಪ್ರಕ್ಷೇಪ ಜ್ಯಾಮಿತಿ.

ಫ್ರಾನ್ಸಿನ ದೆಸಾರ್ಗ್ 1639ರಲ್ಲಿ, ಒಂದೇ ದಿಕ್ಕಿನ ಸಮಾಂತರ ರೇಖೆಗಳೆಲ್ಲ ಅನಂತದಲ್ಲಿ ಒಂದು ಬಿಂದುವಿನಲ್ಲಿ ಕೂಡುತ್ತವೆ ಎಂದೇ ಇಟ್ಟುಕೊಂಡ. ನೆಲದ ಮೇಲೆ ಎಲ್ಲೂ ಸಿಗದ ಆ ಬಿಂದುವನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ಅವನ ಪ್ರಮೇಯವೊಂದನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ದೀಪದ ಮುಂದೆ ರಟ್ಟಿನ ತ್ರಿಕೋನವನ್ನು ಓರೆಯಾಗಿ ಹಿಡಿಯಿರಿ, ಗೋಡೆಯ ಮೇಲೆ ನೆರಳು ಬೀಳಲಿ. ರಟ್ಟಿನ ಒಂದೊಂದು ಬಾಹುವನ್ನೂ ಅದರ ನೆರಳನ್ನೂ ಮುಂದುವರಿಸಿದರೆ ಅವು ಸಂಧಿಸುವ ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿರುತ್ತವೆ. ಕಾರಣ ಸರಳ: ರಟ್ಟಿನ ಸಮತಲ ಗೋಡೆಯನ್ನು ಕತ್ತರಿಸುವ ಗೆರೆಯೇ ಅದು. ಎರಡು ತ್ರಿಕೋನಗಳನ್ನೂ ಒಂದೇ ಕಾಗದದ ಮೇಲೆ ಬರೆದರೂ ಪ್ರಮೇಯ ನಿಲ್ಲುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ.

ಅವನ ಪುಸ್ತಕ ಅಚ್ಚಾದದ್ದು 50 ಪ್ರತಿ ಮಾತ್ರ. ಭಾಷೆ ಕಠಿಣ, ಓದಿದವರು ಕಡಿಮೆ, ಮರೆತವರೇ ಹೆಚ್ಚು. ನೆಪೋಲಿಯನ್ನನ ಸೇನೆಯ ಎಂಜಿನಿಯರ್ ಪೋನ್ಸೆಲೆ 1812ರಲ್ಲಿ ರಷ್ಯನ್ನರಿಗೆ ಸೆರೆಸಿಕ್ಕು, ಸರಾಟೊವ್‌ನಲ್ಲಿ ಪುಸ್ತಕಗಳ ನೆರವಿಲ್ಲದೆ ಈ ಗಣಿತವನ್ನು ಮತ್ತೆ ಕಟ್ಟತೊಡಗಿದ. ಅವನ ಗ್ರಂಥ ಬಂದದ್ದು 1822ರಲ್ಲಿ. ದೆಸಾರ್ಗ್‌ನ ಪುಸ್ತಕದ ಕೈಬರಹದ ನಕಲೊಂದು ಸಿಕ್ಕಿದ್ದು 1845ರಲ್ಲಿ.

ಪರೀಕ್ಷೆ ಹತ್ತಿರವಾದಂತೆ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ರೂಢಿ ಅನೇಕ ಶಾಲೆಗಳಲ್ಲಿದೆ. ಅದರಿಂದ ಗಣಿತಕ್ಕೂ ನಷ್ಟವೇ ಎಂದು ನನ್ನ ಅನಿಸಿಕೆ. ಹಳೆಯ ವಿದ್ಯಾರ್ಥಿಗಳು ಸೇರಿ ಹೊಸ ಕೊಠಡಿ ಕಟ್ಟಿಸುವ ಮಾತು ಬೆಳಿಗ್ಗೆ ಬಂತು. ಅದು ಡ್ರಾಯಿಂಗ್ ಕೊಠಡಿಯಾಗಲಿ; ನನ್ನ ಪಾಲಿನ ವಂತಿಗೆಯನ್ನು ಇಂದೇ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ.